ಕುಂಕುಮ ಹಚ್ಚಿದ ಐರಿಷ್ ಅಜ್ಜ

ಈ ಅರಬ್ ನಾಡಿನಲ್ಲಿ, ಹಮ್ದಾನ್ ಸ್ಟ್ರೀಟಿನ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಗಡ್ಡದ ಮುದುಕರೊಬ್ಬರ ಅಚ್ಚುಚಿತ್ರ ತೂಗಿದೆ. ನಾನು ಕೆಲಸ ಮಾಡುವ ಶಾಲೆಯ ಐರಿಷ್ ಮೇಷ್ಟ್ರು, ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟಾಗ ಕೊಟ್ಟದ್ದು. ಚಿತ್ರದಲ್ಲಿರುವವರು ಅವರ ನಾಡಿನ ಭಾಷಾ ವಿದ್ವಾಂಸರು, ಬರಹಗಾರರು. ಮನೆಮನೆಗೆ ನಡೆದು ಮುದುಕಿಯರ ಬಾಯಿಂದ ಐರಿಷ್ ಮಾತುಗಳನ್ನು ಬರೆದುಕೊಂಡವರಂತೆ.

"ಎಷ್ಟೋ ಮನೆಗಳಿಗೆ ಅವರು ತಲುಪಿದ್ದೇ ತಡವಾಗಿ. ಅಜ್ಜಿ ಐರಿಷಿನಲ್ಲಿ ಕೇಳಿದರೆ ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು" ಎಂದರು ಮೇಷ್ಟ್ರು. ಕನ್ನಡಕ್ಕೆ ಆ ಗತಿ ಬರಲು ಏಳು ಜನ್ಮ ಬೇಕು ಎಂದು ನಾನು ಜಂಬ ಕೊಚ್ಚಿದೆ. ಒಂಬತ್ತರ ಮಗಳು ನನ್ನ ಪ್ರತಿ ಮಾತಿಗೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದಳು. ಅದು ಆಗ ನನಗೆ ಮುದ್ದಾಗಿ ಕಾಣುತ್ತಿತ್ತು.

ಚಳಿಗಾಲದಲ್ಲಿ ಅಮ್ಮ ಪುತ್ತೂರಿನಿಂದ ವಿಸಿಟ್ ವೀಸಾದಲ್ಲಿ ಬಂದರು. ಬಾಗಿಲು ದಾಟಿದವರೇ ಚಿತ್ರದ ಮುಂದೆ ನಿಂತರು.

"ಇದು ಯಾರ ಅಜ್ಜ? ಸತ್ತವರಾ?"

"ಸತ್ತು ತುಂಬ ವರ್ಷ ಆಯ್ತಮ್ಮ."

"ಹೆಸರೆಂತ?"

ಕೆಳಗೆ ಅಚ್ಚಾಗಿದ್ದ ಹೆಸರು ನನ್ನ ನಾಲಿಗೆಗೆ ಒಗ್ಗಲಿಲ್ಲ.

"ಹೆಸರು ಹೇಳ್ಲಿಕ್ಕೆ ಬಾರದ ಸತ್ತವರನ್ನು ತೆಂಕು ಗೋಡೆಗೆ ಹಾಕಿದ್ದೀಯಲ್ಲ ಮಾರಾಯ್ತಿ! ಅವರು ಯಾರನ್ನಾದ್ರೂ ಕರೀತಾರೆ."

ನಾನು ನಕ್ಕೆ. ಅಮ್ಮ ನಗಲಿಲ್ಲ. ಸ್ನಾನ ಮುಗಿಸಿ ಬಂದು ಗಾಜಿನ ಮೇಲೆ, ಸರಿಯಾಗಿ ಹಣೆಯ ಜಾಗಕ್ಕೆ, ಕುಂಕುಮ ಹಚ್ಚಿದರು.

ಅಜ್ಜಿ ಮೊಮ್ಮಗಳ ನಡುವೆ ಇದ್ದದ್ದು ಒಂದೇ ಸಂಭಾಷಣೆ. ಅಮ್ಮನಿಗೆ ವಾಷಿಂಗ್ ಮಿಶನ್ ಮೇಲೆ ಕಾಸಿನ ನಂಬಿಕೆಯಿಲ್ಲ. ಹಾಲಿನಲ್ಲಿ ಕೂತೇ, "ಮಗಾ, ತಿರುಗ್ತಾ ಉಂಟಾ?" ಎನ್ನುವರು. ಮಗಳು ಅಡುಗೆಮನೆಗೆ ಓಡಿ ನೋಡಿ, "ಯೆಸ್ ಅಜ್ಜಿ" ಎನ್ನುವಳು. ನಿಂತಿದ್ದರೆ "ಖಲಾಸ್ ಅಜ್ಜಿ!" ಮುಗಿಯಿತು ಎನ್ನುವ ಆ ಅರಬ್ಬಿ ಮಾತನ್ನು ಅಮ್ಮನೂ ಕಲಿತಿದ್ದರು. ಇಬ್ಬರಿಗೂ ಹೊಂದಿಕೆಯಾಯಿತಲ್ಲ ಎಂದು ನಾನು ನಿಶ್ಚಿಂತಳಾಗಿದ್ದೆ.

ಒಂದು ಶನಿವಾರ ಬೆಳಿಗ್ಗೆ ಮಿಶನಿಗೆ ಬಟ್ಟೆ ಹಾಕಿ ತರಕಾರಿಗೆಂದು ಕೆಳಗಿಳಿದೆ. ಗಂಡ ದೂರದ ರುವೈಸಿನ ತೈಲ ಘಟಕದಲ್ಲಿ, ಡ್ಯೂಟಿಯ ಮೇಲೆ. ಮರಳಿ ಬರುವಾಗ ಅಮ್ಮ ಚಿತ್ರದ ಕೆಳಗೆ ನೆಲದ ಮೇಲಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು. ಪಕ್ಕದಲ್ಲಿ ಮಗಳು ಅಳುತ್ತಾ ನಿಂತಿದ್ದಳು.

"ಅಜ್ಜಿ ಏನಾದ್ರೂ ಹೇಳಿದ್ರಾ?"

"ಶಿ ಸೆಡ್ 'ತಿರುಗ್ತಾ ಉಂಟು'. ಸೋ ಮೆನಿ ಟೈಮ್ಸ್. ಐ ವೆಂಟ್ ಆ್ಯಂಡ್ ಚೆಕ್ಡ್, ಅಮ್ಮ. ಐ ಟೋಲ್ಡ್ ಹರ್ ಖಲಾಸ್."

ತಲೆ ತಿರುಗಲು ಶುರುವಾದದ್ದು ಯಾವಾಗ ಎಂದು ಆಸ್ಪತ್ರೆಯಲ್ಲಿ ಕೇಳಿದರು. ಅದು ಗೊತ್ತಿದ್ದವಳು ಮಗಳೊಬ್ಬಳೇ, ಅವಳಿಗೆ ಅದು ಅರ್ಥವಾಗಿರಲಿಲ್ಲ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಮೇಲೆಯೇ ಹೇಸಿಗೆಯಾಯಿತು.

ಅಮ್ಮ ಉಳಿದರು, ಮಾತು ಹೋಯಿತು. ಈಗ ಇಡೀ ದಿನ ಆ ಚಿತ್ರದ ಎದುರಿನ ಕುರ್ಚಿಯಲ್ಲಿರುತ್ತಾರೆ. ಕುಂಕುಮ ಒರೆಸಲು ನನಗೆ ಧೈರ್ಯ ಸಾಲದು, ಚಿತ್ರ ಇಳಿಸಲೂ ಸಾಲದು.

ದಿನಾ ಸಂಜೆ ಮಗಳು ಶಾಲೆಯ ಬ್ಯಾಗ್ ಇಟ್ಟು ಅಜ್ಜಿಯ ಮೊಣಕಾಲ ಬಳಿ ಕೂರುತ್ತಾಳೆ. "ಅಜ್ಜಿ, ತಲೆ ತಿರುಗ್ತಾ ಉಂಟಾ?" ಎಂದು ಬಿಡಿಸಿ ಬಿಡಿಸಿ ಕೇಳುತ್ತಾಳೆ. ಅವಳು ತಾನಾಗಿ ಆಡಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು. ಅಮ್ಮ ಅವಳ ಬಾಯಿಯನ್ನೇ ನೋಡುತ್ತಾರೆ. ಅವಳು ಸ್ವಲ್ಪ ಹೊತ್ತು ಕಾಯುತ್ತಾಳೆ. ಆಮೇಲೆ ಎದ್ದು ಹೋಗಿ ಮಿಶನ್ ನೋಡಿ ಬರುತ್ತಾಳೆ.