ಅಕ್ಕ ಅಲುಗುತ್ತಿದ್ದ ಟಿವಿ

ನಮ್ಮ ಮನೆಗೆ ಚಪ್ಪಟೆ ಟಿವಿ ಬಂದಾಗ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಓಣಿಯವರು ನಕ್ಕರು. ನಗಲಿ. ಸಗರದ ಶಾಲೆಯಲ್ಲಿ ಮಾಸ್ತರನಾಗಿದ್ದ ಅಪ್ಪ ಯಾದಗಿರಿಯಿಂದ ಆ ಟಿವಿ ತಂದದ್ದು ಧಾರಾವಾಹಿ ನೋಡಲಿಕ್ಕಲ್ಲ, ಸತ್ತ ಮಗಳನ್ನು ನೋಡಲಿಕ್ಕೆ. ಅದನ್ನು ಓಣಿಯವರಿಗೆ ಯಾರು ಹೇಳಬೇಕು?

ಅಕ್ಕನನ್ನು ಸುರಪುರದ ಕಡೆ, ಕಾಲುವೆ ಕೆಳಗಿನ ಊರಿಗೆ ಕೊಟ್ಟಿದ್ದೆವು. ನೀರಾವರಿ ಮನೆ ಸಿಕ್ಕಿತೆಂದು ಎಲ್ಲರಿಗೂ ಹಿಗ್ಗು. ಕಾಲುವೆ ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ. ಮದುವೆಯಾಗಿ ವರ್ಷ ತುಂಬುವುದರೊಳಗೆ ಅಕ್ಕ ಆ ಜ್ವರದಲ್ಲೇ ಹೋದಳು. ಸುದ್ದಿ ತಿಳಿದು ಅಲ್ಲಿಗೆ ಓಡಿದ ಅಪ್ಪ ಕೌದಿಯ ಮೇಲೆ ಕೌದಿ ಹೊದಿಸಿದರೂ ಅವಳ ನಡುಕ ಕೊನೆತನಕ ನಿಲ್ಲಲಿಲ್ಲ. ನಮಗೆ ಉಳಿದದ್ದು ಅವಳ ಮದುವೆಯ ಡಿವಿಡಿ ಒಂದೇ.

ಅದರಲ್ಲಿ ಉಡಿ ತುಂಬುವಾಗ ಅಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ತುಟಿ ಮುಚ್ಚಿ ನಗುತ್ತಾಳೆ. ಅವ್ವ ಪ್ರತಿಸಲವೂ ಅಲ್ಲೇ ನಿಲ್ಲಿಸು ಅನ್ನುತ್ತಿದ್ದಳು. ನಾನು ನಿಲ್ಲಿಸಿದರೂ ಚಿತ್ರ ಪೂರ್ತಿ ನಿಲ್ಲುತ್ತಿರಲಿಲ್ಲ. ಅಕ್ಕನ ಕೈ, ಎದೆಯ ಮೇಲಿನ ಸೆರಗು ಸಣ್ಣಗೆ ಅಲುಗುತ್ತಲೇ ಇರುತ್ತಿದ್ದವು.

"ನೋಡ್ರೀ, ಉಸುರಾಡಾಕತ್ತಾಳ," ಅಂದಳು ಅವ್ವ.

ಅಪ್ಪ ಎದ್ದು ಅಂಗಳಕ್ಕೆ ಹೋದ. "ಅದು ಉಸುರಲ್ಲ, ನಡುಗಾಕತ್ತಾಳ," ಅಂದ ಹೊರಗಿನಿಂದಲೇ.

ಮರುವಾರ ನನ್ನನ್ನೂ ಕರೆದುಕೊಂಡು ಯಾದಗಿರಿಯ ಅಂಗಡಿಗೆ ಹೋಗಿ, ಚಿತ್ರ ಯಾಕೆ ನಡುಗುತ್ತದೆ ಎಂದು ಕೇಳಿದ.

"ಪ್ಲೇಯರಿನಾಗ ಎರಡು ನಮೂನಿ ಅದಾವ್ರಿ ಸರ," ಅಂದ ಅಂಗಡಿಯವ. "ಇಂಟರ್‌ಲೇಸ್ ಇಟ್ರ ಸಾಲು ಬಿಟ್ಟು ಸಾಲು ಬರ್ತದ. ಮೊದಲು ಅರ್ಧ ಚಿತ್ರ, ಆಮ್ಯಾಲ ಬಿಟ್ಟ ಸಾಲಿಂದು. ಅಷ್ಟರಾಗ ಕೈ ಸರದಿರ್ತದ, ಅದಕ್ಕ ನಿಲ್ಲಿಸಿದ್ರ ಹಿಂದ ಮುಂದ ಆಡ್ತದ. ಪ್ರೋಗ್ರೆಸ್ಸಿವ್ ಇಡ್ರಿ. ಎಲ್ಲಾ ಸಾಲು ಒಮ್ಮೆಗೇ ಬರ್ತಾವ, ಗಪ್ ನಿಲ್ತದ."

"ಗಪ್ ನಿಲ್ಲಲಿ," ಅಂದ ಅಪ್ಪ.

ಮನೆಗೆ ಬಂದು ಹಾಗೇ ಇಟ್ಟೆ. ಅಕ್ಕ ನಿಂತಳು. ಕೈಯ ಹಸಿರು ಬಳೆ ಎಣಿಸಬಹುದು, ಅಷ್ಟು ಸ್ವಚ್ಛ. ಅವ್ವ ಬಹಳ ಹೊತ್ತು ನೋಡಿದಳು.

"ಈಗ ಸತ್ತಳು ನೋಡು," ಅಂದಳು. ಅವತ್ತು ಅವಳು ರೊಟ್ಟಿ ಮುಟ್ಟಲಿಲ್ಲ.

ಅಂದಿನಿಂದ ನನಗೆ ಅತ್ತ ದರಿ, ಇತ್ತ ಪುಲಿ. ಅಪ್ಪ ಶಾಲೆಗೆ ಹೋದ ಕೂಡಲೇ ಅವ್ವನಿಗಾಗಿ ಇಂಟರ್‌ಲೇಸ್, ಅವನು ಬರುವ ಹೊತ್ತಿಗೆ ಪ್ರೋಗ್ರೆಸ್ಸಿವ್. ಇಬ್ಬರಿಗೂ ಸತ್ತವಳು ಅದೇ ಮಗಳು, ಒಂದು ಚಿತ್ರ ಕೂಡಿ ನೋಡಲಿಕ್ಕೆ ಇವರಿಗೇನು ರೋಗ ಎಂದು ರಿಮೋಟ್ ಕುಕ್ಕುತ್ತಿದ್ದೆ. ನಿನಗೆ ಯಾವುದು ಬೇಕೆಂದು ಇಬ್ಬರೂ ನನ್ನನ್ನು ಕೇಳಲಿಲ್ಲ. ನನಗೆ ಎರಡೂ ಬೇಡವಾಗಿದ್ದವು. ನನಗೆ ಅಕ್ಕ ಬೇಕಾಗಿದ್ದಳು.

ಮಾನವಮಿ ಅಮಾವಾಸ್ಯೆಗೆ ನಮ್ಮಲ್ಲಿ ಸತ್ತವರ ಫೋಟೋದ ಮುಂದೆ ಹೊಸ ಬಟ್ಟೆ ಇಟ್ಟು, ಅಡುಗೆಯ ಎಡೆ ಹಿಡಿಯುತ್ತಾರೆ. ಆ ನಿಂತ ಚಿತ್ರವನ್ನೇ ಫೋಟೋ ಮಾಡಿಸಿ ಎಡೆ ಹಿಡಿಯೋಣವೆಂದು ಅಪ್ಪ ಕೇಳಿದ.

"ಉಸುರಾಡೋರಿಗೆ ಯಾರರೆ ಎಡಿ ಹಿಡೀತಾರೇನ್ರಿ?" ಅಂದಳು ಅವ್ವ. ಆ ವರ್ಷ ಅಕ್ಕನಿಗೆ ಎಡೆ ಇಲ್ಲ. ಮುಂದಿನ ವರ್ಷಗಳಲ್ಲೂ ಇಲ್ಲ.

ಆಮೇಲೆ ಅವ್ವನ ಕಣ್ಣು ಹೋಗತೊಡಗಿದವು. ಕಾಚಬಿಂದು, ಕಣ್ಣೊಳಗಿನ ಒತ್ತಡ ಏರಿ ನರ ಸತ್ತಿದೆ, ತಡಮಾಡಿ ಬಂದಿರಿ ಅಂದರು ಡಾಕ್ಟರು. ಕೊನೆಗೆ ಕಿಟಕಿ ಯಾವ ಕಡೆ ಇದೆ ಎಂಬಷ್ಟು ಬೆಳಕು ಮಾತ್ರ ಉಳಿಯಿತು. ಆದರೂ ಟಿವಿಯ ಮುಂದೆ ಬಂದು ಕೂಡುವುದನ್ನು ಅವಳು ಬಿಡಲಿಲ್ಲ. ಉಡಿ ತುಂಬುವ ಹಾಡು ಕೇಳಿಸಿದರೆ ಸಾಕು, ನಿಲ್ಲಿಸು ಅನ್ನುವಳು.

ಒಂದು ರವಿವಾರ ಅಪ್ಪ ಮನೆಯಲ್ಲೇ ಇದ್ದ. ಹಾಗಾಗಿ ಪ್ರೋಗ್ರೆಸ್ಸಿವ್ ಇಟ್ಟಿದ್ದೆ. ಹಾಡು ಬಂತು, ನಿಲ್ಲಿಸಿದೆ.

"ಏನ್ರೀ," ಅವ್ವ ಅಪ್ಪನಿದ್ದ ಕಡೆ ಮುಖ ತಿರುಗಿಸಿದಳು. "ನನಗ ಕಾಣವಲ್ದು. ಆಡಾಕತ್ತದೇನು ಉಸುರು?"

ಅಕ್ಕ ಮಿಸುಕದೆ ನಿಂತಿದ್ದಳು. ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು, ಅವ್ವನಿಗೆ ತಿಳಿಯುತ್ತಲೂ ಇರಲಿಲ್ಲ. ಅನ್ನಲಿ ಎಂದೇ ನಾನು ಅಪ್ಪನ ಮುಖ ನೋಡಿದೆ.

"ಬದಲಿ ಮಾಡು ಯವ್ವಾ," ಅಂದ ಅಪ್ಪ ನನಗೆ.

ಬದಲಿಸಿ, ಚಿತ್ರವನ್ನು ಮತ್ತೆ ಅಲ್ಲಿಗೇ ತಂದು ನಿಲ್ಲಿಸಿದೆ. ಅಕ್ಕನ ಕೈ ನಡುಗತೊಡಗಿತು. ಅಪ್ಪ ಅಂಗಳಕ್ಕೆ ಹೋಗಲಿಲ್ಲ. ಅವ್ವನ ಬದಿಗೆ ಬಂದು ಕೂತು, ಅವಳ ಕೈ ಹಿಡಿದು, ಟಿವಿಯಿಂದ ಕಣ್ಣು ತೆಗೆಯದೆ ನೋಡಿದ.

"ಹೂಂ," ಅಂದ. "ಉಸುರಾಡಾಕತ್ತಾಳ."

ಅವ್ವ ನಕ್ಕಳು. ಮಂಚದ ಮೇಲಿದ್ದ ಕೌದಿಯನ್ನು ಅಪ್ಪ ಇನ್ನೊಂದು ಕೈಯಿಂದ ಎಳೆದುಕೊಂಡ. ಯಾರಿಗೆ ಹೊದಿಸಬೇಕೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ಕೂತ.