ದೀಪದ ಕಂಬ ಎಂದು ಬರೆದಿದ್ದೆ

ಹೋದ ವರ್ಷದ ಮಾತು. ಆಯುಧಪೂಜೆ ಮುಗಿದು ಒಂದು ವಾರ ಕಳೆದಿತ್ತೋ ಏನೋ. ಆ ಗುರುವಾರ ಹಾಸನದಲ್ಲಿ ನಡೆದದ್ದನ್ನು ಇವತ್ತಿಗೂ ಮರೆಯಲು ಆಗಿಲ್ಲ.

ನಾನು ಅರಕಲಗೂಡಿನವಳು, ಹೊಳೆನರಸೀಪುರಕ್ಕೆ ಸೊಸೆಯಾಗಿ ಬಂದವಳು. ಇಲ್ಲಿ ಪೇಟೆ ಬೀದಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಜೆರಾಕ್ಸು, ಆನ್‌ಲೈನ್ ಅರ್ಜಿ, ಹೀಗೆ ಏನಾದರೊಂದು ಕೆಲಸ ಇದ್ದೇ ಇರುತ್ತದೆ. ನನಗೆ ಬಾಯಿ ಜೋರು ಎಂದು ನಮ್ಮ ಯಜಮಾನರು ದೂರುತ್ತಾರೆ. ಒಂದು ದಿನ ಅಂಗಡಿಯಲ್ಲಿ ಕೂತು ಗಿರಾಕಿಗಳನ್ನು ನೋಡಿದರೆ ಅವರು ಹಾಗೆ ಹೇಳುವುದಿಲ್ಲ.

ನಮ್ಮೂರಿನಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರಿದ್ದಾರೆ. ಗುಜರಿ ಅಂಗಡಿ ಸೇರಿ ಕರಗಿಹೋಗುವ ಹಳೇ ಹಿತ್ತಾಳೆ, ತಾಮ್ರದ ಸಾಮಾನನ್ನು ತೂಕದ ಬೆಲೆ ಕೊಟ್ಟು ಬಿಡಿಸಿಕೊಂಡು ಬರುವುದು ಅವರ ಹುಚ್ಚು. ಹಾಗೆ ತಂದದ್ದನ್ನೆಲ್ಲ ಹಳೇ ಛತ್ರದ ಎರಡು ಕೋಣೆಯಲ್ಲಿ ಜೋಡಿಸಿಟ್ಟು ಮ್ಯೂಸಿಯಂ ಎಂದು ಬೋರ್ಡು ಹಾಕಿದ್ದಾರೆ. ಕೊಳಗ, ಸೇರು, ಗಿಂಡಿ, ಗಂಗಾಳ, ದೀಪಾಲೆ ಕಂಬ, ಬೀಸುವ ಕಲ್ಲು, ಏನುಂಟು ಏನಿಲ್ಲ! ಸಣ್ಣ ಮ್ಯೂಸಿಯಂಗಳಿಗೆ ಪುಕ್ಕಟೆಯಾಗಿ ಸಿಗುವ ಒಂದು ಆನ್‌ಲೈನ್ ಕ್ಯಾಟಲಾಗ್ ಸಾಫ್ಟ್‌ವೇರ್ ವಿಷಯ ಯಾರೋ ಅವರ ಕಿವಿಗೆ ಹಾಕಿದರು. ಒಂದೊಂದು ವಸ್ತುವಿಗೂ ಒಂದೊಂದು ಪುಟ. ಅದರಲ್ಲಿ ಫೋಟೋ, ಎತ್ತರ, ತೂಕ, ಲೋಹ, ಎಲ್ಲಿ ಸಿಕ್ಕಿತು, ಈಗ ಯಾವ ಸ್ಥಿತಿಯಲ್ಲಿದೆ, ಎಲ್ಲ ತುಂಬಬೇಕು. ಕೆಳಗೆ, ನೋಡಿದವರು ಏನಾದರೂ ಬರೆಯಲು ಒಂದು ಜಾಗ. ಮೇಷ್ಟ್ರು ನೇರ ನನ್ನ ಅಂಗಡಿಗೆ ಬಂದರು. "ನಿಂಗೆ ಕಂಪ್ಯೂಟರ್ ಬರುತ್ತಲ್ಲಮ್ಮಾ, ಸಂಜೆ ಹೊತ್ತು ಒಂಚೂರು ಬಂದು ಹೋಗು" ಎಂದರು. ನನ್ನ ಮಕ್ಕಳಿಗೆ ಚಿತ್ರ ಕಲಿಸಿದವರು. ಇಲ್ಲ ಅನ್ನಲು ಬಾಯಿ ಬರಲಿಲ್ಲ, ಹೂಂ ಅಂದುಬಿಟ್ಟೆ.

ಅಯ್ಯೋ, ಆ ಮನುಷ್ಯನ ಕೊಸರಾಟವೇ! ಒಂದು ಪಾತ್ರೆಯ ಹೆಸರು ಬರೆಯಬೇಕಾದರೆ ಒಂದು ಸಂಜೆ ಪೂರ್ತಿ ಬೇಕು. ನಾನು ತಂಬಿಗೆ ಎಂದು ಟೈಪ್ ಮಾಡಿದರೆ, "ಮೂತಿ ಇದೆಯಲ್ಲಮ್ಮಾ, ಗಿಂಡಿ ಅದು. ಗಿಂಡಿಗೂ ತಂಬಿಗೆಗೂ ವ್ಯತ್ಯಾಸ ಗೊತ್ತಿಲ್ಲದೇನೇ ಇಷ್ಟು ದಿನ ನೀರು ಕುಡಿದ್ಯಾ?" ಎನ್ನುವರು. ಫೋಟೋ ತೆಗೆದರೆ ನೆರಳು ಬಿತ್ತು ಎನ್ನುವರು. ನನಗೆ ರೇಗಿಹೋಗಿ, "ಸಾರ್, ಹಿಂಗೇ ಆದ್ರೆ ಈ ಕೆಲಸ ಮುಗಿಯೋ ಹೊತ್ತಿಗೆ ನನ್ನನ್ನೂ ಒಂದು ಕಪಾಟಿನಲ್ಲಿ ನಿಲ್ಲಿಸಿ ಚೀಟಿ ಅಂಟಿಸಬೇಕಾಗುತ್ತೆ" ಎಂದಿದ್ದೆ. ಅವರು ನಗಲಿಲ್ಲ. "ಕೂತಿರೋ ಹಾಗೇ ಇಟ್ಟರೆ ಚೆನ್ನಾಗಿರುತ್ತೆ" ಎಂದರು.

ಛತ್ರ ಗುಡಿಸಿ, ಸಂಜೆ ಬಾಗಿಲು ಹಾಕುವವಳು ಜವರಮ್ಮ. ಹಿಂಬಾಗಿಲಿನ ಕಬ್ಬಿಣದ ಚಿಲಕ ಬಿಗಿಯಾಗಿ ಕೂತಿತ್ತು. ನಾನು ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಆಕಳಿಸುತ್ತಾ ಕೂತಿರುವಾಗ ಹಿಂದಿನಿಂದ ಠಣ್ ಠಣ್ ಎಂದು ಅವಳು ಚಿಲಕ ಬಡಿಯುವ ಸದ್ದು ಬರುತ್ತಿತ್ತು. ಆ ಸದ್ದು ಬಂತೆಂದರೆ ಮೇಷ್ಟ್ರು ಬಾಯಿ ಮುಚ್ಚುತ್ತಿದ್ದರು, ನಾನು ಚಪ್ಪಲಿ ಹುಡುಕುತ್ತಿದ್ದೆ.

ಇನ್ನು ಆ ವಸ್ತುವಿನ ವಿಷಯ. ಚನ್ನರಾಯಪಟ್ಟಣದ ಕಡೆ ಯಾವುದೋ ಗುಜರಿ ರಾಶಿಯಲ್ಲಿ ಮೇಷ್ಟ್ರಿಗೆ ಸಿಕ್ಕಿದ್ದು. ಗೇಣಿಗಿಂತ ಸ್ವಲ್ಪ ಉದ್ದ, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಮೈ ಕಬ್ಬಿಣ, ತುದಿಗೆ ಹಿತ್ತಾಳೆಯ ಮೊನೆ, ಬುಡದ ಹತ್ತಿರ ಸುತ್ತಲೂ ಒಂದು ತಾಮ್ರದ ಪಟ್ಟಿ. ಪಟ್ಟಿಯ ಮೇಲೆ ಒಂದೇ ಅಳತೆಯ ಓರೆ ಗೀರುಗಳು. "ಮೂರು ಲೋಹದ ಕೆಲಸ ನೋಡಮ್ಮಾ! ದೀಪದ ಕಂಬದ ಮೇಲ್ತುಂಡು ಇದು. ಗೀರು ಹಾಕಿರೋ ಕೈ ಎಂಥದ್ದಿರಬೇಕು" ಎಂದು ಮೇಷ್ಟ್ರು ಹಿಗ್ಗಿದ್ದರು. ಅದನ್ನು ಹಿಂಬಾಗಿಲ ಪಕ್ಕದ ದೀಪಗಳ ಸಾಲಿನಲ್ಲಿ ಇಟ್ಟಿದ್ದರು. ಫೋಟೋ ತೆಗೆಯುವ ಮುಂಚೆ ನಾನೇ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಹುಣಸೆಹುಳಿ ಹಾಕಿ ಗಸಗಸ ಉಜ್ಜಿದೆ. ಆಯುಧಪೂಜೆಯ ದಿನ ಎಲ್ಲದರ ಜೊತೆ ಅದಕ್ಕೂ ವಿಭೂತಿ ಬಳಿದು, ಕುಂಕುಮ ಇಟ್ಟು, ಕರ್ಪೂರದಾರತಿ ಎತ್ತಿದೆವು. ಮೇಷ್ಟ್ರು ಹೇಳಿದಂತೆ ದೀಪದ ಕಂಬ ಎಂದು ಟೈಪ್ ಮಾಡಿದೆ. ಸ್ಥಿತಿ ಎಂಬಲ್ಲಿ 'ಬುಡ ಇಲ್ಲ' ಎಂದು ತುಂಬಿದೆ. ಸಾಫ್ಟ್‌ವೇರ್ ಆ ಪುಟದ ತಲೆಯ ಮೇಲೆ 'ಅಪೂರ್ಣ' ಎಂದು ಕೆಂಪು ಪಟ್ಟಿ ಅಂಟಿಸಿತು.

ಆ ಕೆಂಪು ಪಟ್ಟಿಯನ್ನು ಮೇಷ್ಟ್ರಿಗೆ ಸಹಿಸಲು ಆಗಲಿಲ್ಲ. "ಊರವರೆಲ್ಲ ನೋಡ್ತಾರೆ ಕಣಮ್ಮಾ" ಎಂದು ಕೊರಗಿದರು. ನೋಡದೆ ಏನು, ತಮಗೆ ಗೊತ್ತಿರುವ ವಾಟ್ಸಾಪ್ ಗುಂಪಿಗೆಲ್ಲ ಲಿಂಕ್ ಕಳಿಸಿದ್ದವರು ಅವರೇ.

ಆ ಗುರುವಾರ ನಾನು ಅಂಗಡಿಗೆ ಪೇಪರ್ ಬಂಡಲ್ ತರಲೆಂದು ಹಾಸನಕ್ಕೆ ಬಂದಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರ ಕಾಫಿ ಕುಡಿಯುತ್ತಿದ್ದಾಗ ಮೊಬೈಲ್ ಟಿಂಗ್ ಎಂದಿತು. ಕ್ಯಾಟಲಾಗಿನ ಪುಟಕ್ಕೆ ಯಾರೋ ಏನೋ ಬರೆದಿದ್ದರು. ಮೊದಲ ಸಲ ಹೊರಗಿನವರೊಬ್ಬರು ಬರೆದಿದ್ದಾರಲ್ಲ ಎಂದು ಖುಷಿಯಿಂದ ತೆರೆದೆ.

"ಇದು ದೀಪದ ಕಂಬವಲ್ಲ. ಫಿರಂಗಿಯ ಶೆಲ್, ಅಂದರೆ ಮದ್ದು ತುಂಬಿದ ಗುಂಡು. ಫಿರಂಗಿಯಿಂದ ಹಾರಿಸಿದ ಮೇಲೆಯೇ ತಾಮ್ರದ ಪಟ್ಟಿಗೆ ಈ ಓರೆ ಗೀರು ಬೀಳುವುದು. ಹಾರಿದೆ, ಸಿಡಿದಿಲ್ಲ. ದಯವಿಟ್ಟು ಯಾರೂ ಮುಟ್ಟಬೇಡಿ. ನಾನು ಸೈನ್ಯದಲ್ಲಿ ಮದ್ದುಗುಂಡಿನ ವಿಭಾಗದಲ್ಲಿದ್ದವನು. ತಕ್ಷಣ ಫೋನ್ ಮಾಡಿ." ಕೆಳಗೆ ನಂಬರ್ ಇತ್ತು.

ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದೇ ಅಂದುಕೊಂಡೆ. ಆದರೂ ಫೋನ್ ಮಾಡಿದೆ. ವಯಸ್ಸಾದ ಗಂಡಸಿನ ದನಿ; ನುಗ್ಗೇಹಳ್ಳಿ ಕಡೆಯವರೆಂದು ಆಮೇಲೆ ತಿಳಿಯಿತು. ಮ್ಯೂಸಿಯಂ ಎಂದೆ ಅಷ್ಟೇ, ನಾನು ಹೆಸರು ಹೇಳುವ ಮೊದಲೇ ಅವರು, "ಎಲ್ಲೈತೆ ತಾಯಿ ಅದು ಈಗ? ಬಿಸಿ ತಾಗಬಾರ್ದು, ಪೆಟ್ಟು ಬೀಳಬಾರ್ದು. ಕ್ವಾಣೆಗೆ ಬೀಗ ಹಾಕಿ, ಎಲ್ಲಾರ್ನೂ ದೂರ ಕಳಿಸಿ, ಪೊಲೀಸಿಗೆ ಹೇಳಿ. ನಗಬ್ಯಾಡಿ ತಾಯಿ, ನಾನು ಇಂಥದ್ದು ಸಿಡಿದಿದ್ನ ಕಣ್ಣಾರೆ ಕಂಡಿವ್ನಿ" ಎಂದರು. ಅವರ ದನಿ ನಡುಗುತ್ತಿತ್ತು. ಇದು ತಮಾಷೆಯಲ್ಲ ಎಂದು ಅದನ್ನು ಕೇಳಿಯೇ ಗೊತ್ತಾಯಿತು.

ಮೇಷ್ಟ್ರಿಗೆ ಫೋನ್ ಮಾಡಿದೆ. ಎತ್ತಿದವಳು ಜವರಮ್ಮ.

"ಮೇಷ್ಟ್ರು ಫೋನ್ ಇಲ್ಲೇ ಬುಟ್ಟು ಓಗವ್ರೆ ಕಣವ್ವ."

"ಎಲ್ಲಿಗೆ ಹೋದ್ರು? ಆ ದೀಪದ ಕಂಬ ಅಲ್ಲೇ ಇದೆಯಾ ನೋಡು, ಮುಟ್ಟಬೇಡ, ನೋಡು ಅಷ್ಟೇ!"

"ಅದ್ನೇ ಚೀಲ್ದಾಗೆ ಆಕ್ಕೊಂಡು ಆಸನಕ್ಕೆ ಓದ್ರಲ್ಲ ಬೆಳಿಗ್ಗೇನೇ. ನೀನೇ ಅದೇನೋ ಬುಡ ಇಲ್ಲ ಅಂತ ಬರ್ದಿದ್ದಂತಲ್ಲ. ಕಟ್ಟಿನಕೆರೆ ಮಾರ್ಕೆಟ್ ಇಂದ್ಗಡೆ ಇತ್ತಾಳೆ ಬೆಸುಗೆ ಆಕೋ ಆಚಾರ್ರು ಅವ್ರಂತೆ. ಬುಡ ಆಕಿಸ್ಕೊಂಡು ಬತ್ತೀನಿ ಅಂದ್ರು."

ಬೆಸುಗೆ! ಬಿಸಿ ತಾಗಬಾರದು ಎಂದು ಆಗ ತಾನೇ ಕೇಳಿದ್ದೆ. ಕಾಫಿ ಅಲ್ಲೇ ಬಿಟ್ಟು ಸಿಕ್ಕ ಆಟೋ ಹತ್ತಿದೆ. ಕೊಂಡಿದ್ದ ಪೇಪರ್ ಬಂಡಲ್ ಅಲ್ಲೇ ಉಳಿಯಿತು. ಆಟೋದಲ್ಲೇ ೧೧೨ಕ್ಕೆ ಫೋನ್ ಮಾಡಿದೆ. ಅಳುತ್ತಾ, ತೊದಲುತ್ತಾ ಹೇಳಿದರೂ ಆ ಕಡೆಯ ಹೆಣ್ಣುಮಗಳು ಸಮಾಧಾನವಾಗಿ ಕೇಳಿಸಿಕೊಂಡು, "ಮೇಡಂ, ನೀವು ಹತ್ತಿರ ಹೋಗ್ಬೇಡಿ, ನಮ್ಮವರು ಬರ್ತಾರೆ" ಎಂದಳು. ಹೋಗದೆ ಇರುವುದಾದರೂ ಹೇಗೆ? 'ಬುಡ ಇಲ್ಲ' ಎಂದು ತುಂಬಿದ ಕೈ ನನ್ನದು. ಮೇಷ್ಟ್ರಿಗೆ ಏನಾದರೂ ಆದರೆ ಅವರ ಹೆಂಡತಿಗೆ ಯಾವ ಮುಖ ತೋರಿಸಲಿ? ಹಾಸನದ ಟ್ರಾಫಿಕ್ಕನ್ನು ಆವತ್ತು ಶಪಿಸಿದಷ್ಟು ಯಾವತ್ತೂ ಶಪಿಸಿಲ್ಲ.

ಮಾರ್ಕೆಟ್ ಹಿಂದಿನ ಓಣಿಯ ಬಾಯಲ್ಲಿ ಆಟೋ ನಿಂತಿತು. ಬಳೆ ಅಂಗಡಿ, ಹೂವಿನವರು, ಟೀ ಅಂಗಡಿ, ಓಣಿಯ ತುಂಬ ಜನ. ಬೆಸುಗೆ ಅಂಗಡಿ ಎಲ್ಲಿ ಎಂದು ಕೇಳುವ ಅಗತ್ಯವೇ ಬರಲಿಲ್ಲ. ಮೇಷ್ಟ್ರ ದನಿ ಓಣಿಗೆಲ್ಲ ಕೇಳುತ್ತಿತ್ತು.

"ನಾಲ್ಕು ದಳ ಯಾವ ಸೀಮೆ ಕಮಲವಯ್ಯಾ? ನುಗ್ಗೇಹಳ್ಳಿ ದೇವಸ್ಥಾನಕ್ಕೆ ಹೋಗಿದ್ದೀಯಾ ನೀನು? ಅಲ್ಲಿ ನಾಲ್ಕು ದಳದ ಕಮಲ ಒಂದು ತೋರ್ಸು, ಹಾಗೇ ವಾಪಸ್ ಹೋಗ್ತೀನಿ. ಬುಡಕ್ಕೆ ಎಂಟು ದಳವೇ ಆಗಬೇಕು!"

"ಎಂಟು ಮಾಡಕ್ಕೆ ತಗಡು ಸಾಲಲ್ಲ ಸಾ. ಸುಮ್ನೆ ನಾಲ್ಕು ಹಾಕ್ಬುಡ್ತೀನಿ ಬುಡಿ, ಯಾರ್ ಎಣಿಸ್ತಾರೆ?"

"ನಾನು ಎಣಿಸ್ತೀನಿ!"

ಅಂಗಡಿಯ ಬಾಗಿಲಿಗೆ ಬಂದೆ. ಮರಳಿನ ತಟ್ಟೆಯಲ್ಲಿ ಮೊನೆ ಕೆಳಗಾಗಿ, ಬುಡ ಮೇಲಾಗಿ ಅದು ನಿಂತಿತ್ತು. ನಾನಿಟ್ಟಿದ್ದ ಕುಂಕುಮ ಇನ್ನೂ ಅದರ ಮೈಮೇಲಿತ್ತು. ಆಚಾರ್ರ ಕೈಯಲ್ಲಿ ಗ್ಯಾಸಿನ ನೀಲಿ ಬೆಂಕಿ ಬುಸ್ ಎನ್ನುತ್ತಿತ್ತು. ಮೇಷ್ಟ್ರು ಅಡ್ಡ ನಿಂತು ವಾದಿಸುತ್ತಿದ್ದುದರಿಂದ ಆ ಬೆಂಕಿ ಇನ್ನೂ ಅದರ ಹತ್ತಿರ ಹೋಗಿರಲಿಲ್ಲ.

"ಬೆಂಕಿ ಆರ್ಸಿ! ಆರ್ಸಿ! ಬಾಂಬು ಅದು!" ಎಂದು ಕಿರುಚಿದೆ. ನನ್ನ ಬಾಯಿ ಜೋರು ಎಂದೆನಲ್ಲ, ಆವತ್ತು ಅದು ಕೆಲಸಕ್ಕೆ ಬಂತು.

ಮೇಷ್ಟ್ರು ತಿರುಗಿ, "ಏನಮ್ಮಾ ಇದು, ಬೀದೀಲಿ?" ಎಂದರು. ಆಚಾರ್ರು ಕೈಯಲ್ಲಿದ್ದ ಬೆಂಕಿಯನ್ನು ನೋಡಿದರು, ಮುಂದಿದ್ದ ವಸ್ತುವನ್ನು ನೋಡಿದರು, ಮೆಲ್ಲಗೆ ತಿರುಪು ತಿರುಗಿಸಿ ಬೆಂಕಿ ಆರಿಸಿದರು. ಆಮೇಲೆ ಇಕ್ಕಳ ಕೈಗೆತ್ತಿಕೊಂಡು, "ಎತ್ತಿ ಆಚೆ ಎಸೆದ್ಬುಡ್ಲಾ ಅಕ್ಕಾ?" ಎಂದು ಕೇಳಿದರು.

"ಅಯ್ಯೋ ನಿಮ್ಮ ದಮ್ಮಯ್ಯ, ಮುಟ್ಟಬೇಡಿ, ಓಡಿ!"

ಆಚಾರ್ರು ಓಡಿದರು. ಮೇಷ್ಟ್ರು ಮಾತ್ರ ನಿಂತಲ್ಲೇ ನಿಂತುಬಿಟ್ಟರು. ಹಿರಿಯರು, ಮೇಷ್ಟ್ರು ಎಂದೆಲ್ಲ ಯೋಚಿಸದೆ ಅವರ ರಟ್ಟೆ ಹಿಡಿದು ದರದರ ಎಳೆದುಕೊಂಡು ಬಂದೆ. ದಾರಿಯುದ್ದಕ್ಕೂ ಕೂಗಿದೆ. ಬಳೆ ಅಂಗಡಿಯಾಕೆ ಬಳೆ ಹಾಕಿಸಿಕೊಳ್ಳುತ್ತಿದ್ದವಳ ಕೈ ಬಿಡದೆ ಅವಳನ್ನೂ ಎಳೆದುಕೊಂಡು ಓಡಿದಳು. ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ಓಣಿ ಖಾಲಿ ಮಾಡಿಸಿ ಹಗ್ಗ ಕಟ್ಟಿದರು. ಮಧ್ಯಾಹ್ನ ಕಳೆದ ಮೇಲೆ ಬಾಂಬ್ ತಜ್ಞರು ಬಂದರು. ದಪ್ಪ ಕವಚ ತೊಟ್ಟವರೊಬ್ಬರು ಒಳಗೆ ಹೋಗಿ, ಹಸುಗೂಸನ್ನು ಎತ್ತಿದ ಹಾಗೆ ಅದನ್ನು ಎತ್ತಿಕೊಂಡು ಬಂದರು. ನಾನು ಮಡಿಲಲ್ಲಿಟ್ಟು ಹುಣಸೆಹುಳಿ ಹಾಕಿ ಉಜ್ಜಿದ್ದು ಅದನ್ನೇ.

ಆಚಾರ್ರು ಪೊಲೀಸಿನವರ ಹತ್ತಿರ ಹೇಳಿದ ಮಾತು ನನ್ನ ಕಿವಿಗೆ ಬಿತ್ತು. "ಮೇಷ್ಟ್ರು ನಾಲ್ಕು ದಳಕ್ಕೆ ಒಪ್ಪಿದ್ರೆ ಆಗ್ಲೇ ಬೆಂಕಿ ಹಿಡಿದಿರ್ತಿದ್ದೆ ಸಾ. ಇವರು ಒಪ್ಲೇ ಇಲ್ಲ." ಎಷ್ಟು ಸಂಜೆ ಆ ಕೊಸರಾಟವನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೇನೋ ಏನೋ. ಅಲ್ಲೇ ಫುಟ್‌ಪಾತಿನ ಮೇಲೆ ಮೇಷ್ಟ್ರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವರಿಗೆ ಯಾಕೆಂದು ತಿಳಿಯಲಿಲ್ಲ.

ಊರಿಗೆ ಬರುವ ಬಸ್ಸಿನಲ್ಲಿ ಅವರು ಒಂದು ಮಾತು ಹೇಳಿದರು. "ಬೆಳಿಗ್ಗೆ ಬರೋವಾಗ ತೊಡೆ ಮೇಲೆ ಇಟ್ಕೊಂಡಿದ್ದೆ ಕಣಮ್ಮಾ. ಪಕ್ಕದ ಸೀಟಿನ ಹೆಣ್ಣುಮಗಳ ಕೂಸು ಆ ಹಿತ್ತಾಳೆ ಮೊನೆ ಹಿಡ್ಕೊಂಡು ಬಾಯಿಗೆ ಹಾಕ್ಕೊಳ್ತಿತ್ತು. ಆಡ್ಕೊಳ್ಲಿ ಬಿಡಮ್ಮಾ ಅಂತ ನಾನೇ ಹೇಳ್ದೆ." ಅಷ್ಟು ಹೇಳಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

ಮಾರನೇ ದಿನ ಹಾಸನದಾಚೆಯ ಹಳೇ ಕಲ್ಲುಕ್ವಾರಿಯಲ್ಲಿ ಅದನ್ನು ಸಿಡಿಸಿದರು. ಒಳಗೆ ಮದ್ದು ತುಂಬಿಯೇ ಇತ್ತು, ಒಂದು ಅಂಗಡಿ ಸಾಲನ್ನು ಹಾರಿಸಿಬಿಡುವಷ್ಟಿತ್ತು ಎಂದು ಪೊಲೀಸರು ಫೋನ್ ಮಾಡಿ ತಿಳಿಸಿದರು. ನುಗ್ಗೇಹಳ್ಳಿಯ ಆ ಹಿರಿಯರಿಗೆ ನಾನು ಫೋನ್ ಮಾಡಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. "ಯಾರ್ಗೂ ಏನೂ ಆಗ್ಲಿಲ್ಲ ಅಲ್ವಾ ತಾಯಿ?" ನಾನು ಅತ್ತುಬಿಟ್ಟೆ. ಮುಖ ಕಂಡವರಲ್ಲ, ಬಂಧುವಲ್ಲ, ಬಳಗವಲ್ಲ. ಅವರು ಆವತ್ತು ಫೋಟೋ ನೋಡಿ ಸುಮ್ಮನೆ ಮುಂದಕ್ಕೆ ಸರಿಸಿದ್ದರೆ? ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ನನ್ನ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆ ಸಂಜೆ ಮನಸ್ಸು ತಡೆಯದೆ ಛತ್ರಕ್ಕೆ ಹೋದೆ. ಕಂಪ್ಯೂಟರ್ ಮುಂದೆ ಕೂತೆ, ಏನೂ ಟೈಪ್ ಮಾಡಲು ಕೈ ಬರಲಿಲ್ಲ. ಕತ್ತಲಾಗುತ್ತಾ ಬಂತು. ಹಿಂದಿನ ಕೋಣೆಯಿಂದ ಸದ್ದೇ ಇಲ್ಲ. ಎದ್ದು ಹೋಗಿ ನೋಡಿದರೆ ಜವರಮ್ಮ ಸೊಂಟದ ಮೇಲೆ ಕೈಯಿಟ್ಟು ಹಿಂಬಾಗಿಲನ್ನು ದಿಟ್ಟಿಸುತ್ತಾ ನಿಂತಿದ್ದಳು.

"ಯಾಕೆ ಜವರಮ್ಮ, ಬಾಗಿಲು ಹಾಕಲ್ವಾ?"

"ಚಿಲ್ಕ ಕೂರ್ತಿಲ್ಲ ಕಣವ್ವ. ಆ ದೀಪದ ಕಂಬಾನೂ ಓಯ್ತು, ಇನ್ನ ಏನ್ರಲ್ಲಿ ಕುಟ್ಲಿ?"

ನನಗೆ ಮೊದಲು ಅರ್ಥವಾಗಲಿಲ್ಲ. "ಏನಂದೆ?"

"ಅದ್ರಲ್ಲೇ ಅಲ್ವಾ ನಾನು ದಿನಾ ಕುಟ್ತಿದ್ದುದು. ಕೈಗೆ ಚೆಂದಾಗಿ ಕೂರೋದು, ಭಾರ್ವಾಗಿತ್ತು, ಎಲ್ಡೇಟಿಗೆ ಚಿಲ್ಕ ಬೀಳೋದು. ಬಾಂಬಂತೆ ಬಾಂಬು! ಇಷ್ಟ್ ದಿನ ಕುಟ್ಟಿವ್ನಿ, ಏನಾರ ಆಯ್ತಾ?"

ಅಲ್ಲೇ ಬೀಸುವ ಕಲ್ಲಿನ ಮೇಲೆ ಕುಸಿದು ಕೂತೆ. ಕ್ವಾರಿಯಲ್ಲಿ ಏನಾಯಿತೆಂದು ಅವಳಿಗೆ ಹೇಳಿದೆ. ಜವರಮ್ಮ ತನ್ನ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಆಮೇಲೆ ಹೊಸಿಲ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು, ತಾನಿಲ್ಲದಿದ್ದರೆ ಮಗಳ ಗತಿಯೇನು ಎಂದು ಅಳತೊಡಗಿದಳು. ನಾನು ಅವಳ ಕೈ ಹಿಡಿದುಕೊಂಡು ಕೂತೆ. ಆ ದಿನ ಬಾಗಿಲು ಹಾಕದೆಯೇ ಇಬ್ಬರೂ ಮನೆಗೆ ಹೋದೆವು.

ಈಗ ಹಿಂಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದೇವೆ. ಬೆರಳಲ್ಲಿ ತಳ್ಳಿದರೆ ಕೂರುತ್ತದೆ. ಕ್ಯಾಟಲಾಗ್ ಕೆಲಸ ಮತ್ತೆ ನಡೆಯುತ್ತಿದೆ. ಗುರುತು ಸಿಗದ ಸಾಮಾನು ಬಂದರೆ ಮೇಷ್ಟ್ರು ಮೊದಲು ಅದರ ಫೋಟೋವನ್ನು ನುಗ್ಗೇಹಳ್ಳಿಗೆ ಕಳಿಸುತ್ತಾರೆ. ಮೇಷ್ಟ್ರ ಕೊಸರಾಟಕ್ಕೆ ನಾನು ಎದುರು ಮಾತಾಡುವುದನ್ನು ಬಿಟ್ಟಿದ್ದೇನೆ. ಆದರೆ ಮನೆಯಲ್ಲಿ ಯಾರಾದರೂ ಚಿಲಕ ಟಪ್ಪೆಂದು ಹಾಕಿದರೆ ಇವತ್ತಿಗೂ ಬೆಚ್ಚಿ ಬೀಳುತ್ತೇನೆ. ದಿನಾ ಸಂಜೆ ಆ ಠಣ್ ಠಣ್ ಸದ್ದು ಯಾವಾಗ ಬರುತ್ತದೋ ಎಂದು ಕಿವಿ ನೆಟ್ಟುಕೊಂಡು ಕೂತಿರುತ್ತಿದ್ದೆನಲ್ಲ, ಬಂದ ಕೂಡಲೇ 'ಸದ್ಯ, ಮನೆಗೆ ಹೋಗಬಹುದು' ಎಂದು ನಗುತ್ತಾ ಏಳುತ್ತಿದ್ದೆನಲ್ಲ, ಅದು ನೆನಪಾಗುತ್ತದೆ.