ಉಸ್ತಾದರು ಕಳಿಸಿರದ ಗುಳಿಗೆ

ಅಮರಪ್ಪಾ, ಆ ಗುಳಿಗೆಯನ್ನು ಉಸ್ತಾದರು ಕಳಿಸಿರಲಿಲ್ಲ. ಸಿಂಧನೂರಿನ ಅಫೀಮಿನ ಅಂಗಡಿಯಿಂದ ತಂದು, ಬೆಲ್ಲದಲ್ಲಿ ಹೊಸೆದು ಉಂಡೆ ಮಾಡಿದವನು ನಾನು.

ಕಾಲುವೆ ಅಗೆಯುತ್ತಿದ್ದ ವರ್ಷಗಳವು. ಸಿಂಧನೂರಿನಲ್ಲಿ ಕುಸ್ತಿ — ಗೆದ್ದವನಿಗೆ ಬೆಳ್ಳಿ ಕಡಗ! ನಮ್ಮ ಮಸ್ಕಿ ಗರಡಿಯಿಂದ ನೀನು, ಎದುರಿಗೆ ಲಿಂಗಸುಗೂರಿನ ಪೈಲವಾನ. ನಿನ್ನ ಮೊಣಕಾಲು ಉಳುಕಿ ಬಾತಿತ್ತು. ಉಸ್ತಾದ್ ಮೌಲಾಸಾಬರು ಜ್ವರದಲ್ಲಿ ಮಲಗಿಯೇ ನನ್ನ ಕೈಲಿ ನಿನಗೆ ಹೇಳಿ ಕಳಿಸಿದ್ದರು: "ಕಾಲು ನೋಯ್ತಿದ್ರ ಕುಸ್ತಿ ಬಿಟ್ಟು ಬಾ, ಮಗನ."

ಆದರೆ ನಾನು ಬಜಾರಿನ ತುಂಬ ನಿನ್ನ ಹೆಸರು ಕೂಗಿ ಬಂದಿದ್ದೆ. ಹಲಗೆಯ ಸದ್ದಿಗೆ ನನ್ನ ಮೈಯೇ ಕುದಿಯುತ್ತಿತ್ತು — ನೀನು ಕುಂಟುತ್ತ ಹಿಂದಿರುಗುವುದೆಂದರೆ... ಅದನ್ನು ನೋಡಲಾರೆ ಅನ್ನಿಸಿತು. ಉಸ್ತಾದರ ಮಾತನ್ನು ನಿನಗೆ ಮುಟ್ಟಿಸಲಿಲ್ಲ. ಉಸ್ತಾದರು ಕೊಟ್ಟದ್ದನ್ನು ಏನೆಂದು ಕೇಳದೆ ನುಂಗುವುದು ನಮ್ಮ ಗರಡಿಯ ಕಟ್ಟು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಉಸ್ತಾದರು ಕಳಿಸ್ಯಾರ," ಅಂದೆ.

"ಯಪ್ಪಾ, ಕಹಿ ಐತಲೇ! ಏನ್ ಹಾಕ್ಯಾರ ಇದ್ರಾಗ?"

"ತಾಕತ್ತು ಹಾಕ್ಯಾರ. ನುಂಗಲೇ, ಹೆಣ್ಣಿನಂಗ ಮಾರಿ ಕಿವುಚಬ್ಯಾಡ!"

ಸ್ವಲ್ಪ ಹೊತ್ತಿಗೆ ನೀನು ಮೂಗು ತುರಿಸಿಕೊಳ್ಳುತ್ತ ನಕ್ಕೆ. ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. "ನೋವು ಎಲ್ಲಿ ಹೋತಲೇ!" ಅಂದೆ. ಆಹಾ, ಆ ಕುಸ್ತಿ! ನೀನು ಅವನನ್ನು ಎತ್ತಿ ಚಿತ್ತು ಮಾಡಿದಾಗ ಜನ ರುಮಾಲು ಹಾರಿಸಿದರು. ನಾನು ಕೂಗಿ ಕೂಗಿ ಗಂಟಲು ಹರಿದುಕೊಂಡೆ. ಆ ಸಂತೋಷ ಈಗಲೂ ನೆನಪಾಗಿ ಮೈ ಜುಮ್ಮೆನ್ನುತ್ತದೆ — ಅದೇ ನನಗೆ ನಾಚಿಕೆ.

ಅಫೀಮು ನೋವನ್ನು ಕಳೆದಿರಲಿಲ್ಲ. ನೋವಿನ ಸುದ್ದಿ ನಿನಗೆ ಮುಟ್ಟದಂತೆ ಮಾಡಿತ್ತು, ಅಷ್ಟೇ. ಬಿಟ್ಟು ಬಾ ಎಂದು ಕಾಲು ಕೂಗುತ್ತಲೇ ಇತ್ತು, ನಿನಗೆ ಕೇಳಲಿಲ್ಲ. ಮೊಣಕಾಲಿನ ಒಳಗೆ ಹರಿದದ್ದು ಮತ್ತೆ ಕೂಡಲಿಲ್ಲ.

ಆಮೇಲೆ ನೀನೇ ಕೇಳತೊಡಗಿದೆ: "ಉಸ್ತಾದರ ಗುಳಿಗಿ ತಾರಲೇ." ನಾನು ತಂದುಕೊಟ್ಟೆ. ಮತ್ತೆ ಮತ್ತೆ ತಂದುಕೊಟ್ಟೆ. ಒಂದರ ಕೆಲಸಕ್ಕೆ ಎರಡು ಬೇಕಾಯಿತು. ಸಿಗದ ದಿನ ಆಕಳಿಕೆ, ಮೂಗಿನಲ್ಲಿ ನೀರು, ಬೆವರು, ಭೇದಿ, ಎಲುಬಿನೊಳಗೆ ಹಿಂಡುವ ನೋವು. ಅದನ್ನು ನಾನು ಜ್ವರ ಎಂದೆ. ಜ್ವರವಲ್ಲವೆಂದು ತಿಳಿದೂ ಅಂದೆ.

ನಿನ್ನ ಹೆಂಡತಿ ಶಾಂತವ್ವ ಗುಳಿಗೆ ಮೂಸಿ ಅಫೀಮೆಂದು ಗುರುತು ಹಿಡಿದಾಗ, ನೀನು ಕೋಲೂರಿಕೊಂಡು ಗರಡಿಗೆ ಬಂದೆ. "ಇವನ ಕೈಲೆ ಕಳಿಸಿ ನನ್ನ ಬಾಳೇವು ಮುಗಿಸಿದ್ರಿ, ಉಸ್ತಾದ!"

ಉಸ್ತಾದರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಆಗ ಅವರು ಅಂದರು, "ನನ್ನ ಹೆಸರಿನ ಮ್ಯಾಲ ತಿಂದಿ ಅಂದ್ರ... ತಪ್ಪು ನಂದ ಐತಿ, ಮಗನ."

ನೀನು ಅದನ್ನು ಒಪ್ಪಿಗೆ ಎಂದುಕೊಂಡೆ. ಶಾಂತವ್ವ ನಿನ್ನನ್ನು ಗುರುಗುಂಟಾದ ತವರಿಗೆ ಕರೆದೊಯ್ದು, ಹಗಲೂ ರಾತ್ರಿ ಕಾಯ್ದು ಅಫೀಮು ಬಿಡಿಸಿದಳು. ಕುಂಟು ಉಳಿಯಿತು. ಸಿಟ್ಟೂ ಉಳಿಯಿತು. ಉಸ್ತಾದರು ತೀರಿಹೋದಾಗ ಗರಡಿಯವರೆಲ್ಲ ಒಬ್ಬೊಬ್ಬರಾಗಿ ಗೋರಿಗೆ ಮಣ್ಣು ಕೊಟ್ಟರು. ಅವರು ಮಗನೆಂದು ಕರೆಯುತ್ತಿದ್ದ ನೀನು ಬರಲಿಲ್ಲ.

ನಾನೂ ಮಣ್ಣು ಕೊಟ್ಟೆ, ಅಮರಪ್ಪಾ. ನಿನಗೆ ಗುಳಿಗೆ ಕೊಟ್ಟ ಈ ಕೈಯಿಂದಲೇ.